ಒಡ್ಡು ಒಡೆದರೂ ಬಾರದ ನೀರು

ಏಪ್ರಿಲ್ ಹದಿನೆಂಟು, ಗುರುವಾರ, ಬೆಳಿಗ್ಗೆ ಒಂಬತ್ತೂಕಾಲು. ಯಲ್ಲಾಪುರ ಠಾಣೆಗೆ ಬಂದ ರಾಘು ಕುರ್ಚಿ ತೋರಿಸಿದರೂ ಕೂರಲಿಲ್ಲ. ನಂದೊಳ್ಳಿ ಕಡೆಯ ಹೊಳೆಯ ಮೀನು ಸಂರಕ್ಷಣಾ ಸಮಿತಿಗೆ ಅವನೇ ಕಾರ್ಯದರ್ಶಿ.

"ಮಡುವಿಗೆ ಯಾರೋ ವಿಷ ಹಾಕಿದಾರೆ ಮೇಡಂ. ಮೀನು ಮರಿ ಸಮೇತ ಸತ್ತು ತೇಲ್ತಾ ಇದೆ. ಎರಡು ವರ್ಷ ಕಾದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

ಪಿಎಸ್‌ಐ ಚೇತನಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ರಸೂಲ್‌ನೊಂದಿಗೆ ಹತ್ತೂವರೆಗೆ ಸ್ಥಳ ತಲುಪಿದಳು. ಬೆರಳುದ್ದದ ಮರಿಗಳು ದಡದುದ್ದಕ್ಕೂ ಬೆಳ್ಳಗೆ ಬಿದ್ದಿದ್ದವು. ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ಮಡುವಿನ ತಲೆಯಲ್ಲಿ ನೀರನ್ನು ಪಕ್ಕಕ್ಕೆ ತಿರುಗಿಸಲು ಕಟ್ಟಿದ ಕಲ್ಲುಮಣ್ಣಿನ ಒಡ್ಡು; ನಡುವೆ ಯಾರೋ ಅದನ್ನು ಒಡೆದಿದ್ದರು. ಬಂಡೆಯ ಮೇಲೆ ಜಜ್ಜಿದ ಕಾರೆಕಾಯಿ.

"ಇದು ಲೂಟಿ ಹೊಡೆಯೋರ ಕೆಲಸ ಅಲ್ಲ ಮೇಡಂ," ಎಂದ ರಸೂಲ್. "ಅವರಾದ್ರೆ ಬ್ಲೀಚಿಂಗ್ ಪೌಡರ್ ಸುರೀತಾರೆ. ಕಾರೆಕಾಯಿಗೆ ಮೀನು ಅಮಲೇರಿ ತೇಲ್ತಾವೆ. ದೊಡ್ಡವನ್ನ ಹೆಕ್ಕಿ ಒಡ್ಡು ಒಡೀತಾರೆ. ಹೊಸ ನೀರು ನುಗ್ಗಿದ್ರೆ ಮರಿ ಚೇತರಿಸಿಕೊಳ್ತಾವೆ. ಹಳಬರ ಕ್ರಮ ಇದು."

"ಮತ್ತೆ ಯಾಕೆ ಸತ್ತವು?"

"ನೀರೆಲ್ಲಿ ಬಂದಿದೆ ಮೇಡಂ?"

ಒಡ್ಡಿನ ಮೇಲ್ಗಡೆ ಬರೀ ಒದ್ದೆ ಮರಳು. ಹೊಳೆಗುಂಟ ಮೇಲಕ್ಕೆ ಎರಡು ಫರ್ಲಾಂಗು ನಡೆದರೆ ಸಾಲಾಗಿ ನಾಲ್ಕು ಪಂಪು ಓಡುತ್ತಿದ್ದವು. ವಿದ್ಯುತ್ ಕಚೇರಿಗೆ ಫೋನ್ ಮಾಡಿದಾಗ ಪಂಪು ಓಡಿಸುವ ತ್ರೀ ಫೇಸ್ ವಿದ್ಯುತ್ ಬೆಳಿಗ್ಗೆ ಆರಕ್ಕೆ ಬಂತೆಂದು ತಿಳಿಯಿತು.

"ಮೊದಲನೇ ಪಂಪು ಯಾರದ್ದು?"

ಜೊತೆಗೆ ಬಂದಿದ್ದ ರಾಘು ಮುಖ ತಿರುಗಿಸಿದ. "ನನ್ನದೇ. ತೋಟ ಒಣಗ್ತಾ ಇದೆ, ಎಂತ ಮಾಡೋದು?"

ಚೇತನಾ ಅದನ್ನೂ ಬರೆಸಿದಳು. ದೂರು ಕೊಟ್ಟವನಿಗೆ ಅದು ಹಿಡಿಸಲಿಲ್ಲ. ಹಿಡಿಸಬೇಕೆಂದು ಅವಳು ಬರೆಸಿರಲೂ ಇಲ್ಲ.

ಕಾರೆಕಾಯಿಯ ಹದ ಬಲ್ಲವರು ಆ ಊರಲ್ಲಿ ಉಳಿದಿದ್ದು ಒಬ್ಬಳೇ, ಬಲೆ ಬೀಸಿ ಬದುಕುವ ಗಂಗೆ. ಹನ್ನೆರಡೂವರೆಗೆ ಜೀಪು ಅವಳ ಮನೆ ಮುಂದೆ ನಿಂತಾಗ ಅವಳು ಒಂದು ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು.

"ಮಡುವಿಗೆ ಕಾರೆಕಾಯಿ ಹಾಕಿದ್ದು ಯಾರು?"

"ನಾನ್ರಿ ಅಮ್ಮಾರ."

"ಯಾವಾಗ?"

"ನಸುಕಿನ್ಯಾಗ. ಆಗ ನೀರು ಹರೀತಿತ್ರಿ. ಬಿಸಲೇರಿದ ಮ್ಯಾಲೆ ಒಡ್ಡು ಒಡದೆ. ನೀರ ಬರಲಿಲ್ಲ."

"ಮಡು ಕಾಯೋಕೆ ನೀವೂ ಒಪ್ಪಿದ್ರಲ್ಲ?"

"ಹೆಬ್ಬಟ್ಟು ಒತ್ತೀನ್ರಿ. ಮಡು ಬಿಡು, ಕೆಳಗ ಬಲೆ ಹಾಕು ಅಂದ್ರು ಸಮಿತಿಯವ್ರು. ಎರಡು ವರ್ಷ ಮುಟ್ಟಲಿಲ್ಲ. ಈಗ ಕೆಳಗ ಹೊಳೀನ ಇಲ್ಲ. ಬಲೆ ಮರಳಿನ್ಯಾಗ ಹಾಕ್ಲೇನ್ರಿ?"

ಒಂದೂ ಹತ್ತಕ್ಕೆ ಬಂಧನ. ಒಳಗೆ ಸಿಕ್ಕ ಮೂರು ದೊಡ್ಡ ಮೀನು ಜಪ್ತಿಯಾದವು. ಬಕೆಟ್ಟಿನಲ್ಲಿ ಹನ್ನೊಂದು ಮರಿ ಇನ್ನೂ ಬದುಕಿದ್ದವು. ಒಡ್ಡು ಒಡೆದರೂ ನೀರು ಬಾರದಾಗ ಗಂಗೆ ಸೆರಗಿನಲ್ಲಿ ಗೋರಿ ತಂದಿದ್ದ ಮರಿಗಳವು.

ಹಸಿದವಳು ಮೀನು ಹಿಡಿದಿದ್ದಳು, ಕೊಲ್ಲಬೇಕೆಂದಿರಲಿಲ್ಲ. ಕಾಯ್ದೆಯ ಕಣ್ಣಿಗೆ ಎರಡೂ ಒಂದೇ. ಪಂಪಿನ ಮಾತು ವರದಿಯಲ್ಲಿ ಒಂದು ಸಾಲಾಗಿ ಉಳಿಯುತ್ತದೆ, ಅದನ್ನು ಓದುವವರು ಯಾರೆಂದು ಚೇತನಾಗೂ ಗೊತ್ತಿರಲಿಲ್ಲ. ಅವಳಿಗೆ ಸಂಕಟವಾಯಿತು.

"ಮರಿ ಹೊಳಿಗೆ ಬಿಡ್ರಿ ಅಮ್ಮಾರ," ಎಂದಳು ಗಂಗೆ.

ರಸೂಲ್ ಬಕೆಟ್ಟು ಎತ್ತಿಕೊಂಡ. "ಎಲ್ಲಿ ಬಿಡ್ಲಿ ಮೇಡಂ?"

ಮಡುವಿನಲ್ಲಿ ವಿಷ, ಕೆಳಗೆ ಮರಳು, ಮೇಲೆ ಪಂಪಿನ ಸದ್ದು. ಚೇತನಾ ಬಕೆಟ್ಟನ್ನು ಜೀಪಿನೊಳಗೆ ಗಂಗೆಯ ಕಾಲ ಬಳಿ ಇಡಿಸಿದಳು. ಠಾಣೆ ಬರುವವರೆಗೂ ಗಂಗೆ ನೀರು ತುಳುಕದಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.