ಸೈನ್ ನಂದೇ

ಫೈಲಿನೊಳಗೆ ಮಡಚಿಟ್ಟಿದ್ದ ಚೀಟಿಯಲ್ಲಿ ಇಷ್ಟೇ ಇತ್ತು: ‘ಸಂಜೆ ಐದೂವರೆ, ಗಿಂಡಿ ಸ್ಟೇಷನ್ ಬ್ರಿಡ್ಜ್. ಒಬ್ಬರೇ ಬನ್ನಿ.’

ಶಿವರಂಜನಿಗೆ ಮೈಯೆಲ್ಲ ಉರಿಯಿತು. ಲಿಫ್ಟಿನ ಬ್ರೇಕ್ ತಯಾರಿಸುವ ಆ ಕಾರ್ಖಾನೆಗೆ ಅವಳು ಕ್ವಾಲಿಟಿ ಆಡಿಟ್‌ಗೆಂದು ಬಂದು ಮೂರು ದಿನವಾಗಿತ್ತು. ಫೈಲು ತಂದುಕೊಟ್ಟವನು ಟೆಸ್ಟ್ ಲ್ಯಾಬಿನ ಕೌಶಿಕ್. ಮೂರು ದಿನವೂ ಕದ್ದು ನೋಡಿ, ಇವಳು ತಲೆಯೆತ್ತಿದರೆ ಮಾನಿಟರಿನ ಹಿಂದೆ ಅಡಗುತ್ತಿದ್ದವನು.

ಬೈಯಲೆಂದೇ ಹೋದಳು.

“ಏನಂತ ತಿಳ್ಕಂಡೀರಿ ನನ್ನ?” ಸಿಟ್ಟಿಗೆ ದಾವಣಗೆರೆಯ ಮಾತೇ ಬಂದುಬಿಟ್ಟಿತು.

ಅವನ ಕಣ್ಣರಳಿತು; ತಮಿಳು ಬೆರೆತ ಕನ್ನಡದಲ್ಲಿ ಹೇಳಿದ. “ಅಯ್ಯೋ, ಕನ್ನಡದೋರಾ? ಮೂರು ದಿನ ಸುಮ್ನೆ ಇಂಗ್ಲಿಷಲ್ಲಿ ಕಷ್ಟಪಟ್ಟೆ. ಅಪ್ಪಡಿ ಇಲ್ಲ ರೀ, ಸತ್ತಿಯಮಾ, ನಿಜವಾಗ್ಲೂ ಹಂಗೇನಿಲ್ಲ. ಮೊದ್ಲು ಇದನ್ನ ನೋಡಿ.”

ಮೊಬೈಲಿನಲ್ಲಿ, ಸಾಮಾನು ಹೊರಗೆ ಕಳಿಸುವಾಗ ಬರೆಯುವ ಗೇಟ್ ಪಾಸಿನ ಫೋಟೋ. ಬ್ರೇಕ್ ಪರೀಕ್ಷಿಸುವ ಯಂತ್ರ ಏಪ್ರಿಲ್ ಪೂರ್ತಿ ರಿಪೇರಿಗೆ ಹೋಗಿತ್ತು. ಅದೇ ತಿಂಗಳ ಇನ್ನೂರಹನ್ನೆರಡು ಟೆಸ್ಟ್ ಸರ್ಟಿಫಿಕೇಟುಗಳನ್ನು ಅವಳು ಬೆಳಿಗ್ಗೆಯಷ್ಟೇ ನೋಡಿದ್ದಳು.

“ಹಂಗಾದ್ರೆ ಸೈನ್ ಹಾಕಿದ್ದು ಯಾರು?”

ಅವನ ಉತ್ತರ ರೈಲಿನ ಸದ್ದಿನಲ್ಲಿ ಮುಳುಗಿತು. ಮತ್ತೆ ಹೇಳಿದ.

“ಸೈನ್ ನಂದೇ. ಮೆಷಿನ್ ಬಂದ್ಮೇಲೆ ಟೆಸ್ಟ್ ಮಾಡ್ಕೊಳ್ಳೋಣ, ಈಗ ಹಾಕು ಅಂದ್ರು ಮ್ಯಾನೇಜರ್. ಮೆಷಿನ್ ಬರೋಷ್ಟರಲ್ಲಿ ಬ್ರೇಕೆಲ್ಲಾ ಗಿರಾಕಿಗಳಿಗೆ ಹೋಗಿಬಿಟ್ಟಿತ್ತು. ಒಂದು ಆಸ್ಪತ್ರೆಗೂ ಹೋಗಿದೆ. ಕಣ್ಣು ಮುಚ್ಚಿದ್ರೆ ಆ ಲಿಫ್ಟೇ ಕಾಣತ್ತೆ ರೀ.”

“ಬರೆದ್ರೆ ನಿಮ್ಮ ಕೆಲ್ಸನೂ ಹೋಗ್ತದಲ್ರೀ.”

“ಬರೀರಿ. ನನ್ನ ಹೆಸರು ಬಿಡಬೇಡಿ. ಬಿಟ್ರೆ ನಿಮ್ಮ ರಿಪೋರ್ಟ್ ನಿಲ್ಲಲ್ಲ.”

ಅವನು ಹಣೆಯ ಬೆವರು ಒರೆಸಿಕೊಂಡು ಬ್ರಿಡ್ಜಿನ ಕಂಬಿಯ ಮೇಲೆ ಕೈಯಿಟ್ಟ. ಆ ಕೈ ಹಿಡಿದುಕೊಳ್ಳಬೇಕೆನಿಸಿ ಅವಳಿಗೆ ದಿಗಿಲಾಯಿತು.

ಮರುದಿನ ಮ್ಯಾನೇಜರ್ ಪ್ರವೀಣ್ ಬಾಗಿಲು ಮುಚ್ಚಿ, ತನ್ನ ಫೋನನ್ನು ಅವಳತ್ತ ತಿರುಗಿಸಿದ. ಬ್ರಿಡ್ಜಿನ ಮೇಲೆ ಇಬ್ಬರೂ ನಿಂತಿದ್ದ ಫೋಟೋ.

“ಬಾಯ್‌ಫ್ರೆಂಡ್ ಹೇಳಿದ್ದನ್ನ ಆಡಿಟ್ ಅಂತ ಬರೀತೀರಾ ಮೇಡಮ್? ಏಪ್ರಿಲ್ ಬಿಟ್ಟುಬಿಡಿ. ನಾನೂ ಇದನ್ನ ಮರೀತೀನಿ.”

ಅಂಥದ್ದೇನೂ ಇಲ್ಲವೆಂದರೆ ಸುಳ್ಳಾಗುತ್ತದೆಂದು ಅವಳಿಗೆ ಹೊಳೆಯಿತು. ಗಾಜಿನಾಚೆ ಲ್ಯಾಬಿನಿಂದ ಕೌಶಿಕ್ ಇವಳನ್ನೇ ನೋಡುತ್ತಿದ್ದ; ಈ ಸಲ ಅಡಗಲಿಲ್ಲ.

ಪ್ರವೀಣನ ಎದುರೇ ಅವಳು ನುಂಗಂಬಾಕ್ಕಂನ ತನ್ನ ಆಫೀಸಿಗೆ, ಮೇಲಧಿಕಾರಿ ಶ್ರೀಪ್ರಿಯಾಗೆ ಫೋನ್ ಮಾಡಿದಳು.

“ಮೇಡಮ್, ಏಪ್ರಿಲ್‌ನ ಸರ್ಟಿಫಿಕೇಟೆಲ್ಲಾ ಸುಳ್ಳು. ಇದನ್ನ ಹೇಳಿದವರ ಮೇಲೆ ನನಗೆ ಮನಸ್ಸಾಗಿದೆ. ಅದಕ್ಕೇ ಬೇರೆಯವರನ್ನ ಕಳ್ಸಿ. ಎಲ್ಲಾ ಇನ್ನೊಂದ್ಸಲ ನೋಡ್ಲಿ.”

ಪ್ರವೀಣನ ಫೋನು ಮೆಲ್ಲಗೆ ಜೇಬಿಗಿಳಿಯಿತು.

ಮಧ್ಯಾಹ್ನದೊಳಗೆ ಶ್ರೀಪ್ರಿಯಾ ತಾವೇ ಬಂದರು. ಸೆಕ್ಯುರಿಟಿಯ ಬಳಿ ಗೇಟ್ ಪಾಸಿನ ಮೂಲ ಪ್ರತಿ ಸಿಕ್ಕಿತು. ಆ ಬ್ರೇಕುಗಳಿದ್ದ ಲಿಫ್ಟುಗಳನ್ನೆಲ್ಲ ವಾರದೊಳಗೆ ನಿಲ್ಲಿಸಿ ಪರೀಕ್ಷಿಸಿದಾಗ, ಹದಿನೇಳರಲ್ಲಿ ಬ್ರೇಕ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ಆಸ್ಪತ್ರೆಯದ್ದೂ ಅದರಲ್ಲೊಂದು. ಪ್ರವೀಣನ ಮೇಲೆ ಕೇಸಾಯಿತು. ಕೌಶಿಕ್ ಕೆಲಸ ಕಳೆದುಕೊಂಡ. ವಿಚಾರಣೆ ಮುಗಿಯುವವರೆಗೆ ಇಬ್ಬರೂ ಮಾತಾಡುವಂತಿರಲಿಲ್ಲ.

ಎರಡು ತಿಂಗಳ ಮೇಲೆ, ಅವಳ ಆಫೀಸಿನ ಕೆಳಗಿನ ಕಾಫಿ ಅಂಗಡಿಯಲ್ಲಿ ಅವನು ಕಾದು ನಿಂತಿದ್ದ.

“ವಿಚಾರಣೆ ಮುಗೀತು. ನಿಮ್ಮ ಹೇಳಿಕೆ ಗಟ್ಟಿಯಾಗಿ ಓದಿದ್ರು ಅಲ್ಲಿ.”

ಅವಳ ಕಿವಿ ಬಿಸಿಯಾಯಿತು. “ಪೂರ್ತಿನಾ?”

“ಪೂರ್ತಿ. ‘ಮನಸ್ಸಾಗಿದೆ’ ಅನ್ನೋದೂ. ಆರು ಜನ ಕೂತಿದ್ರು. ಎಲ್ಲಾರ ಜೊತೆ ನಂಗೂ ಆಗ್ಲೇ ಗೊತ್ತಾಗಿದ್ದು.” ತುಂಟತನದಿಂದ ಶುರುವಾದ ದನಿ ಅಲ್ಲಿಗೆ ಕುಗ್ಗಿತು. “ಆದ್ರೆ ನಂಗೆ ಈಗ ಕೆಲಸ ಇಲ್ಲ ರೀ. ಇನ್ಮೇಲೆ ಯಾರು ತಗೋತಾರೋ ಗೊತ್ತಿಲ್ಲ.”

“ಕೆಲ್ಸ ನೋಡಿ ಮನಸ್ಸು ಮಾಡಿಲ್ರೀ ನಾನು. ಅದನ್ನ ಕಳ್ಕೊಂಡಿದ್ದು ಯಾಕೆ ಅಂತ ನೋಡೀನಿ.”

“ನಿಜಮಾ?”

“ಇನ್ನೆಷ್ಟು ಜನರ ಮುಂದೆ ಹೇಳ್ಬೇಕು?”

ನಗಲು ಹೋದವನ ಕಣ್ಣು ತುಂಬಿತು.