ಕಳಸಗಿತ್ತಿ ಯಾರು?

"ಅಣ್ಣ! ನಮ್ಮ ಅಣ್ಣ!"

ಕನಕಗಿರಿ ಸಂತೆಯಲ್ಲಿ ಬಳೆ ಆರಿಸುತ್ತಿದ್ದ ಮಲ್ಲೇಶ್ವರಿಯ ಕೈಯಿಂದ ಯಾರೋ ಮೊಬೈಲು ಕಸಿದರು. ತಿರುಗಿದಳು. ಇಪ್ಪತ್ತೈದರ ಹೆಣ್ಣು, ಮಗುವಿನ ನಗು. ಪರದೆಯ ಮೇಲಿದ್ದ ಪಂಪಾಪತಿಯ ಫೋಟೋಗೆ ಮುತ್ತಿಡುತ್ತಿದ್ದಳು!

ಪಂಪಾಪತಿ... ಬರುವ ತಿಂಗಳು ಮಲ್ಲೇಶ್ವರಿಯ ಕೊರಳಿಗೆ ತಾಳಿ ಕಟ್ಟಬೇಕಾದವನು.

ಓಡಿ ಬಂದ ಮುದುಕಿ ಫೋಟೋ ನೋಡಿ ಬಿಳಿಚಿಕೊಂಡಳು.

"ಯವ್ವಾ, ನೀನು ಸಿದ್ದಾಪುರದ ಹುಡುಗಿ ಏನು?"

"ಹೌದ್ರಿ. ಈಕಿ ಯಾರು?"

"ಲಲಿತಾ... ಪಂಪನ ಒಡಹುಟ್ಟಿದ ತಂಗಿ. ವಯಸ್ಸು ಬೆಳೀತು, ಬುದ್ಧಿ ಬೆಳೀಲಿಲ್ಲವ್ವ. ನಾನು ಅವರ ಸೋದರತ್ತಿ, ಕಳಕಮ್ಮ. ಈಕಿನ್ನ ಇಲ್ಲೇ ನನ್ನ ಹತ್ರ ಇಟ್ಟಾರ. ಲಗ್ನ ಮುಗಿಯೂತನಕ ಬಾಯಿ ಬಿಡಬ್ಯಾಡ ಅಂದಿದ್ರು..."

ಮಲ್ಲೇಶ್ವರಿಯ ಕಿವಿ ಗುಂಯ್ ಎಂದಿತು. ವರನ ತಂಗಿ ಮದುವೆಯಲ್ಲಿ ಕಳಸ ಹಿಡಿದು ಕೂರುವುದು ಪದ್ಧತಿ. ನಿಶ್ಚಿತಾರ್ಥದ ದಿನ ಅವಳೇ ಕೇಳಿದ್ದಳು, "ನಿಮ್ಮ ಕಡೆ ಕಳಸಗಿತ್ತಿ ಯಾರು?" ಅವನು ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ, "ನನಗ ತಂಗಿ ಇಲ್ಲಲ್ಲ. ಕಾಕಾನ ಮಗಳು ಕೂರ್ತಾಳ."

ಇಲ್ಲ ಅಂದನಲ್ಲ! ಜೀವಂತ ಇರುವವಳನ್ನು!

ಸಿಕ್ಕ ಬಸ್ಸು ಹತ್ತಿ ಗಂಗಾವತಿಯ ಅವನ ಅಕ್ಕಿ ಗಿರಣಿಗೇ ನುಗ್ಗಿದಳು.

"ಲಲಿತಾ ಯಾರು?"

ಪಂಪಾಪತಿಯ ಕೈಯಲ್ಲಿದ್ದ ಅಕ್ಕಿ ಉದುರಿತು.

"ಮಲ್ಲಿ... ಆಕಿ ಸಲುವಾಗಿ ಎರಡು ಸಂಬಂಧ ಮುರಿದಿದ್ವು. ನೀನೂ ಹೋದಿ ಅಂದ್ರ..."

"ಆಕಿ ಹಂಗದಾಳಂತ ನಾ ಹೋಗ್ತಿದ್ದಿಲ್ಲ! ನೀ ಹಿಂಗದೀ ಅಂತ ಹೋಗ್ತೀನಿ. ನಾಳೆ ನನ್ನ ಹೊಟ್ಯಾಗ ಅಂಥ ಕೂಸು ಹುಟ್ಟಿದ್ರ, ಅದನ್ನ ಯಾವ ಊರಾಗ ಮುಚ್ಚಿಡ್ತಿ?"

ನಿಶ್ಚಿತಾರ್ಥದ ಉಂಗುರ ಕಳಚಿ ಅಕ್ಕಿ ರಾಶಿಗೆ ಎಸೆದಳು. "ಹುಡುಕ್ಕೋ!"

ಬಸ್ಸಿನಲ್ಲಿ ಕುಳಿತ ಮೇಲೆ ಅಳು ಒತ್ತರಿಸಿ ಬಂತು. ಎಂಥ ಮೋಸ... ಸಿಟ್ಟು ಅವನ ಮೇಲೋ, ಇನ್ನೂ ಅವನನ್ನೇ ಬಯಸುವ ಈ ಹಾಳು ಮನಸ್ಸಿನ ಮೇಲೋ?

ಮುಂದಿನ ವಾರ, ಹಾಡಹಗಲು. ಸಿದ್ದಾಪುರದ ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದು ನಿಂತರು. ಪಂಪಾಪತಿ ತಂಗಿಯ ಜೊತೆ ನಡೆದು ಬರುತ್ತಿದ್ದ. ಲಲಿತಾ ನೀರು ತುಂಬಿದ ತಾಮ್ರದ ಕಳಸವನ್ನು ಎದೆಗವುಚಿಕೊಂಡಿದ್ದಳು. ಅರ್ಧ ನೀರು ತುಳುಕಿ ಹೊಸ ಸೀರೆ ತೊಯ್ದಿತ್ತು.

"ಏನ್ರಿ ಅಳಿಯಂದ್ರ, ಯಾರ್ರಿ ಈಕಿ?" ಒಬ್ಬಳು ಕೆಣಕಿದಳು.

"ನನ್ನ ತಂಗಿ. ನನ್ನ ಲಗ್ನದ ಕಳಸಗಿತ್ತಿ!" ಓಣಿಗೆಲ್ಲ ಕೇಳುವಂತೆ ಹೇಳಿದ.

ಮಲ್ಲೇಶ್ವರಿ ಹೊಸ್ತಿಲಿಗೆ ಅಡ್ಡ ನಿಂತಳು.

"ಕಾಕಾನ ಮನಿಯವರು ಲಗ್ನಕ್ಕ ಬರೂದಿಲ್ಲಂತ. ಅವ್ವ ಮಾತು ಬಿಟ್ಟಾಳ..." ಪಂಪಾಪತಿ ಹೊಸ್ತಿಲ ಮುಂದೆ ಬಂದು ನಿಂತ. "ಲಲಿ ಈಗ ನಮ್ಮ ಮನ್ಯಾಗ ಅದಾಳ. ನೀ ಬರಲಿಲ್ಲ ಅಂದ್ರೂ ಅಲ್ಲೇ ಇರ್ತಾಳ. ಆದ್ರ ಮಲ್ಲಿ... ನನಗ ನೀ ಬೇಕು."

"ನನ್ನ ಸಿಟ್ಟು ಇಳಿದಿಲ್ಲ."

"ಇಳಿಸಬ್ಯಾಡ. ಸಿಟ್ಟಿನ ಸಮೇತ ಬಾ."

ಅವಳು ಕದಲಲಿಲ್ಲ. ಅಷ್ಟರಲ್ಲಿ ಲಲಿತಾ ಮುಂದೆ ಬಂದಳು. ಕಳಸ ಕೈಯಿಂದ ಜಾರುತ್ತಿತ್ತು.

"ಅತ್ತಿಗಿ... ಭಾರ ಐತಿ. ನೀನೂ ಹಿಡಿ."

ಮಲ್ಲೇಶ್ವರಿಯ ಎರಡೂ ಕೈ ತಾವಾಗಿಯೇ ಕಳಸದ ಕೆಳಗೆ ಹೋದವು.

"ಉಂಗುರ ಸಿಕ್ತೇನು?" ಅವನ ಮುಖ ನೋಡದೆ ಕೇಳಿದಳು.

"ಇಲ್ಲ. ಯಾರ ಮನಿ ಅನ್ನದಾಗ ಐತೋ!"

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು.

"ಹುಡುಕೂದು ಬಿಡಬ್ಯಾಡ... ಈಗ ಒಳಗ ಬಾ."