ಆಕ್ಷೇಪಣೆಗೆ ಏಳು ದಿನ

ಒಂದೇ ಪರದೆಯಲ್ಲಿ, ಪ್ರೋಗ್ರಾಂ ಓಡಿಸಲು ಮೂರು ರನ್ ಬಟನ್‌ಗಳು. ಒಂದು ಮೇಲೆ, ಒಂದು ಕೆಳಗೆ, ಇನ್ನೊಂದು ಯಾವುದೋ ಮೆನುವಿನ ಹೊಟ್ಟೆಯೊಳಗೆ. ಪರೀಕ್ಷಿಸುವವರೇ ಇಲ್ಲದ ಕಾಲದಲ್ಲಿ ಮೂವರು ಪುಣ್ಯಾತ್ಮರು ಒಬ್ಬರನ್ನೊಬ್ಬರು ಕೇಳದೆ ಸೇರಿಸಿದ್ದು. ಹೊಸದಾಗಿ ಪ್ರೋಗ್ರಾಂ ಬರೆಯಲು ಕಲಿಯುವವರಿಗೆಂದು ನಾವು ಅರವತ್ತು ಜನ ಬಿಟ್ಟಿಯಾಗಿ ಕಟ್ಟುತ್ತಿರುವ ಸಾಫ್ಟ್‌ವೇರ್ ಅದು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಈ ಎರಡನೆಯ ಮಾತೇ ನನ್ನ ತಲೆನೋವು, ಏಕೆಂದರೆ ಅದರ ಡಿಸೈನರ್ ನಾನು.

ನನ್ನ ಇನ್ನೊಂದು ತಲೆನೋವು ಗೇಟು. ಯಾರು ಏನು ಬರೆದರೂ ಪರೀಕ್ಷಿಸಿ ಒಳಗೆ ಬಿಡುವವನು ಅವನೇ ಆದ್ದರಿಂದ ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಬೇರೆಯವರ ಕೆಲಸ ಎರಡು ದಿನದಲ್ಲಿ ಒಳಗೆ ಹೋಗುತ್ತಿತ್ತು. ನನ್ನದು? ಪ್ರೋಗ್ರಾಂನಲ್ಲಿ ತಪ್ಪಾದಾಗ ಕಾಣುವ ಪೆಟ್ಟಿಗೆಯನ್ನು ನಾನು ಹೊಸದಾಗಿ ಮಾಡಿಕೊಟ್ಟಿದ್ದೆ. ಹಳೆಯದು ಕೆಂಪಗೆ ಹನ್ನೆರಡು ಸಾಲು ಬಯ್ಯುತ್ತಿತ್ತು. ನನ್ನದು ಎಲ್ಲಿ ಎಡವಿದಿರಿ, ಏನು ಮಾಡಬೇಕು ಎಂದು ಒಂದೇ ಸಾಲಿನಲ್ಲಿ ಹೇಳುತ್ತಿತ್ತು. ಅದನ್ನು ಅವನು ಒಂಬತ್ತು ಸಲ ವಾಪಸ್ ಕಳಿಸಿದ್ದ.

"ಚೆನ್ನಾಗಿದೆ. ಒಂದೇ ಒಂದು ಸಣ್ಣ ಬದಲಾವಣೆ" ಎನ್ನುತ್ತಿದ್ದ, ಶನಿವಾರಗಳಂದು ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಸೇರಿದಾಗ. ಹಾಗೆನ್ನುವಾಗ ಕನ್ನಡಕವನ್ನು ಹಣೆಗೇರಿಸಿ, ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದ. ಕನ್ನಡಕವಿಲ್ಲದೆ ಇವನಿಗೇನು ಕಂಡೀತು ಎಂದುಕೊಂಡರೂ ನನ್ನ ಕಿವಿ ಬಿಸಿಯಾಗುತ್ತಿತ್ತು. ಅದಕ್ಕೂ ಸಿಟ್ಟು ಬರುತ್ತಿತ್ತು.

ಒಂಬತ್ತನೆಯ ಸಲ ನನ್ನ ತಾಳ್ಮೆ ಕೆಟ್ಟಿತು. ಅದೊಂದು ಶುಕ್ರವಾರ. ಎಲ್ಲರೂ ಓದುವ ಗ್ರೂಪಿನಲ್ಲಿ ಬರೆದುಬಿಟ್ಟೆ: "ಈ ಪ್ರಾಜೆಕ್ಟಿಗಿರುವ ದೊಡ್ಡ ಅಡ್ಡಿ ನೀವೇ."

ಬೇರೆ ಯಾರಾದರೂ ಆಗಿದ್ದರೆ ತಿರುಗಿ ಬಯ್ಯುತ್ತಿದ್ದರು. ಈ ಮಹಾರಾಯ ಅದನ್ನು ದೂರೆಂದು ದಾಖಲಿಸಿಕೊಂಡ. ಮರುದಿನ ನಮ್ಮ ಸಮಸ್ಯೆಗಳ ಪಟ್ಟಿಯಲ್ಲಿ, ಮೂರು ರನ್ ಬಟನ್‌ಗಳ ಕೆಳಗೆ, ಅವನೇ ಬರೆದ ಹೊಸದೊಂದು ಸೇರಿತ್ತು. "ಸಮಸ್ಯೆ: ನಾನು. ಪರಿಹಾರ: ನಾನು ಹೊರಡುವುದು." ಆಕ್ಷೇಪಣೆಗೆ ಏಳು ದಿನ, ಮುಂದಿನ ಶನಿವಾರ ಸಂಜೆ ನಾಲ್ಕರವರೆಗೆ.

ನಮ್ಮಲ್ಲಿ ನಿಯಮವೇ ಹಾಗೆ. ಏನನ್ನಾದರೂ ಸೂಚಿಸಿದ ಮೇಲೆ ಏಳು ದಿನದೊಳಗೆ ಯಾರೂ ಬೇಡ ಎನ್ನದಿದ್ದರೆ ಅದು ಒಪ್ಪಿಗೆಯಾದಂತೆ. ಬರೀ "ಬೇಡ" ಎಂದರೂ ಸಾಲದು, ಕಾರಣ ಬರೆಯಬೇಕು. ಈ ಎರಡನೆಯ ನಿಯಮವನ್ನು ಅವನು ತಂದದ್ದೇ ನನ್ನಿಂದಾಗಿ. ಕಂಡದ್ದಕ್ಕೆಲ್ಲ "ಬೇಡ" ಎಂದು ಬರೆದು ಎದ್ದುಹೋಗುತ್ತಿದ್ದವಳು ನಾನಲ್ಲವೇ!

ಉಳಿದವರು ನಮ್ಮಿಬ್ಬರ ಜಗಳ ನಮಗೇ ಇರಲಿ ಎಂದು ಸುಮ್ಮನಿದ್ದರು. ಹೋಗುವವನು ಹೋಗಲಿ ಎಂದು ನಾನೂ ಸುಮ್ಮನಿದ್ದೆ. ಬುಧವಾರದ ಹೊತ್ತಿಗೆ ಊಟ ಸೇರಲಿಲ್ಲ.

"ಅವನು ಹೋದ್ರೆ ನಿನ್ ಪೆಟ್ಟಿಗೆಗೆ ದಾರಿ ಆಯ್ತಲ್ಲ, ಖುಷಿಯಾಗಿರು" ಎಂದಳು ಅಕ್ಕ, ನನ್ನ ಜೊತೆ ಬಟ್ಟೆ ಮಡಿಸುತ್ತಾ.

"ಖುಷಿಯಾಗೇ ಇದೀನಿ."

"ಕಾಣ್ತಾ ಇದೆ. ಒಂದೇ ಟವೆಲ್‌ನ ನಾಕನೇ ಸಲ ಮಡಚ್ತಾ ಇದೀಯ."

ಶನಿವಾರ ಮೂರೂವರೆಗೆ ಕೋಣೆಗೆ ಹೋದೆ. ಅವನೊಬ್ಬನೇ ಇದ್ದ. ಕೇಬಲ್‌ಗಳನ್ನು ಸುತ್ತಿ, ಯಾವುದು ಯಾವುದಕ್ಕೆಂದು ಒಂದೊಂದಕ್ಕೂ ಚೀಟಿ ಅಂಟಿಸುತ್ತಿದ್ದ. ಹೋಗುವವನು ಮಾಡುವ ಕೆಲಸ.

"ನಿಮ್ ಪೆಟ್ಟಿಗೆ ಒಳಗೆ ಬಿಟ್ಟೆ" ಎಂದ, ತಲೆಯೆತ್ತದೆ. "ನೀವು ಮೂರನೇ ಸಲ ಕಳಿಸಿದ್ದೇ. ಅದೇ ಸರಿಯಾಗಿತ್ತು."

ನನಗೆ ಮೈ ಉರಿಯಿತು. "ಮತ್ತೆ ಅಷ್ಟು ಸಲ ಯಾಕೆ ಕುಣಿಸಿದ್ರಿ?"

ಅವನು ಚೀಟಿಯ ಅಂಚನ್ನು ಉಗುರಿನಿಂದ ಕೆರೆದ. "ಈ ಪೆಟ್ಟಿಗೆ ಮುಗಿದ್ರೆ ಶನಿವಾರ ಬರಲ್ಲ ಅಂದಿದ್ರಲ್ಲ ನೀವು."

ಹೌದು, ಅಂದಿದ್ದೆ. ಯಾವತ್ತೋ, ಸುಮ್ಮನೆ.

"ಕಲಿಯೋ ಜನ ಅಷ್ಟು ದಿನ ಆ ಕೆಂಪು ಪೆಟ್ಟಿಗೆ ಹತ್ರ ಬೈಸ್ಕೊಂಡ್ರು, ನನ್ನ ಸ್ವಾರ್ಥಕ್ಕೆ. ಅಂಥವನು ಗೇಟಲ್ಲಿ ಇರಬಾರದು. ನೀವು ಬರೆದಿದ್ದು ನಿಜಾನೇ."

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಾನು ಲ್ಯಾಪ್‌ಟಾಪ್ ತೆರೆದು "ಬೇಡ" ಎಂದು ಒತ್ತಿದೆ. ಕಾರಣ ಬರೆಯಿರಿ ಎಂದಿತು. ಬರೆದೆ: "ಇವರು ಹೋದರೆ ಮೂರು ರನ್ ಬಟನ್ ಆರಾಗುತ್ತವೆ."

ಅವನ ಫೋನ್ ಗುಂಯ್‌ಗುಟ್ಟಿತು. ಓದಿದ. "ಇದು ಕಾರಣ ಆಗಲ್ಲ. ಆ ಕೆಲಸ ಬೇರೆಯವರೂ ಮಾಡ್ತಾರೆ."

"ಇದನ್ನೂ ವಾಪಸ್ ಕಳಿಸ್ತೀಯಾ ನೀನು!"

ಎರಡು ವರ್ಷದ ಬಹುವಚನ ಒಂದೇ ಏಟಿಗೆ ಬಿದ್ದುಹೋಯಿತು. ಅವನು ಕೇಬಲ್ ಹಿಡಿದುಕೊಂಡೇ ನಿಂತ. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು, ಅದೇ ಭರದಲ್ಲಿ ಮತ್ತೆ ಬರೆದೆ:

"ಇವರು ಇರಲಿ. ಒಳಗೆ ಬಿಡುವ ಕೆಲಸವನ್ನು ಇನ್ನುಮುಂದೆ ಇಬ್ಬರು ಸೇರಿ ಮಾಡಲಿ, ಯಾರೊಬ್ಬರ ಕೈಯಲ್ಲೂ ಸಿಕ್ಕಿಕೊಳ್ಳುವುದು ಬೇಡ. ನನ್ನ ಕೆಲಸವನ್ನು ಮಾತ್ರ ಇವರು ನೋಡಕೂಡದು. ಕಾರಣ: ನನಗೆ ಇವರೆಂದರೆ ತುಂಬಾ ಇಷ್ಟ. ಇವರಿಗೂ ನಾನೆಂದರೆ ಇಷ್ಟ. ಪುರಾವೆ: ಸುಮ್ಮಸುಮ್ಮನೆ ವಾಪಸ್ ಕಳಿಸಿದ್ದು ಏಳು ಸಲ."

ಕಳಿಸಿಬಿಟ್ಟೆ. ಅರವತ್ತು ಜನರಿಗೂ ಹೋಯಿತು.

ಅವನು ಓದಿದ. ಇನ್ನೊಮ್ಮೆ ಓದಿದ. ಕನ್ನಡಕ ಹಣೆಗೇರಿಸಿ ನನ್ನ ಎದುರಿನ ಕುರ್ಚಿ ಎಳೆದುಕೊಂಡು ಕೂತ.

"ಅದಿಲ್ದೆ ನಿಂಗೇನೂ ಕಾಣಲ್ಲ" ಎಂದೆ, ಮುಖ ತಿರುಗಿಸುತ್ತಾ.

"ದೂರದ್ದು ಕಾಣಲ್ಲ. ಹತ್ರ ಇರೋದು ಚೆನ್ನಾಗೇ ಕಾಣತ್ತೆ. ಯಾವಾಗ್ಲೂ ಕಾಣ್ತಿತ್ತು."

ಗೋಡೆಯ ಗಡಿಯಾರದಲ್ಲಿ ನಾಲ್ಕಾಯಿತು. ನಾವಿಬ್ಬರೂ ಅದನ್ನು ನೋಡಿದೆವು. ಅವನು ಕೊನೆಯ ಚೀಟಿಯನ್ನು ಕೇಬಲ್‌ನಿಂದ ಕಿತ್ತು ಜೇಬಿಗೆ ಹಾಕಿಕೊಂಡ.

"ಈಗ ಹೇಳು, ಕಾರಣ ಸರಿಯಾಗಿದ್ಯಾ ಇಲ್ವಾ?" ಎಂದೆ.

"ಚೆನ್ನಾಗಿದೆ" ಎಂದ. "ಒಂದೇ ಒಂದು ಸಣ್ಣ ಬದಲಾವಣೆ."

ನಾನು ಹಲ್ಲು ಕಚ್ಚಿದೆ. "ಏನು?"

"ಏಳಲ್ಲ, ಒಂಬತ್ತು. ನೀನು ಮೊದಲನೇ ಸಲ ಕಳಿಸಿದ್ದೂ ಸರಿಯಾಗೇ ಇತ್ತು."